ಕಪ್ಪು ಕಲ್ಲೂ ಕಾಲೋನಿಯ ಬಾವಿಯೂ

ಹೋದ ತಿಂಗಳು ಹುಣಸೂರಿನ ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದಿದ್ದರು. ನಾನು ನಿವೃತ್ತಳಾದ ಇಲಾಖೆಗೇ ಹೊಸದಾಗಿ ಸೇರಿದ ಭೂವಿಜ್ಞಾನಿಗಳು. ಹೆಗ್ಗಡದೇವನಕೋಟೆ ಕಡೆ ಗ್ರಾಫೈಟನ್ನು ಮತ್ತೊಮ್ಮೆ ಹುಡುಕುವ ಕೆಲಸ ಅವರ ಪಾಲಿಗೆ ಬಂದಿದೆಯಂತೆ. ಕರೆಂಟಿನ ಕಾರು, ಸ್ಕೂಟರುಗಳ ಬ್ಯಾಟರಿಗೆ ಅದು ಬೇಕು, ಹೊಗೆ ಕಡಿಮೆ ಮಾಡಬೇಕಾದರೆ ಅದು ನಮ್ಮ ದೇಶದಲ್ಲೇ ಸಿಗಬೇಕು ಎಂದು ಉತ್ಸಾಹದಿಂದ ಹೇಳಿದರು. ಆ ಉತ್ಸಾಹ ನೋಡಿ ನನಗೂ ಖುಷಿಯಾಯಿತು. "ನಿಮ್ಮ ಕಾಲದಲ್ಲಿ ಕೆಲಸ ಹೇಗಿತ್ತು, ಹೇಳಿ ಮೇಡಂ" ಅಂದರು. ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ಅದಕ್ಕೇ ಅವರಿಗಾಗಿ ಬರೆಯಲು ಕೂತಿದ್ದೇನೆ.

ಬಡ್ತಿಯ ವಿಷಯ ಬಿಟ್ಟುಬಿಡುತ್ತೇನೆ. ಎಲ್ಲರಿಗೂ ತಡವಾಗಿ ಸಿಗುವ ಹಾಗೆ ನನಗೂ ಸಿಕ್ಕಿತು.

ನಾನು ಕೃಷ್ಣರಾಜನಗರದ ಕಡೆಯ ಭತ್ತದ ಗದ್ದೆಗಳ ನಡುವೆ ಬೆಳೆದವಳು. ತೊಂಬತ್ತರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದಾಗ ಫೀಲ್ಡಿಗೆ ಹೋಗುವ ಹೆಂಗಸು ನಮ್ಮ ಕಚೇರಿಯಲ್ಲಿ ನಾನೊಬ್ಬಳೇ. ಹೆಗಲಲ್ಲಿ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಹೊಲದ ಬದುವಿನ ಮೇಲೆ ಹೋಗುತ್ತಿದ್ದರೆ ಕಳೆ ಕೀಳುವ ಹೆಂಗಸರು ಎದ್ದು ನಿಂತು ನೋಡುತ್ತಿದ್ದರು. "ಕಲ್ಲು ಮೇಡಮ್ಮು" ಎಂಬ ಹೆಸರು ಬಿದ್ದದ್ದು ಹಾಗೆ. ಆಗ ಗ್ರಾಫೈಟ್ ಅಂದರೆ ಪೆನ್ಸಿಲ್ಲಿಗೆ, ಲೋಹ ಕರಗಿಸುವ ಮೂಸೆಗೆ, ಟಾರ್ಚಿನ ಸೆಲ್ಲಿಗೆ ಬೇಕಾದ ವಸ್ತು. ಅಷ್ಟಕ್ಕೇ ನಾವು ಬೆಟ್ಟ ಹತ್ತಿ ಇಳಿಯುತ್ತಿದ್ದೆವು.

ನನ್ನ ಮೊದಲ ಎಡವಟ್ಟು ನಡೆದದ್ದು ಹನಗೋಡಿನ ಹತ್ತಿರ. ಹಳ್ಳದ ದಂಡೆಯಲ್ಲಿ ಮಣ್ಣಿನ ನಡುವೆ ಕಪ್ಪು ಪಟ್ಟಿಯೊಂದು ಕಂಡಿತು. ಮುಟ್ಟಿದರೆ ಬೆರಳಿಗೆ ಅಂಟಿತು. ಚೀಲದ ತುಂಬ ಮಾದರಿ ಹೊತ್ತು ತಂದು, ನಕ್ಷೆಯಲ್ಲಿ ಗೆರೆ ಎಳೆದು, ಎರಡು ಪುಟ ವಿವರಣೆ ಬರೆದು ಕಳಿಸಿದೆ. ಪ್ರಯೋಗಾಲಯದಿಂದ "ಮರದ ಇದ್ದಿಲು" ಎಂದು ಉತ್ತರ ಬಂತು. ಹೊಗೆಸೊಪ್ಪು ಬೇಯಿಸುವ ಯಾವುದೋ ಹಳೆಯ ಬ್ಯಾರನ್ ಮನೆಯ ಒಲೆಯ ಇದ್ದಿಲು ಮಳೆಯಲ್ಲಿ ಕೊಚ್ಚಿ ಬಂದು ಅಲ್ಲಿ ಕೂತಿತ್ತು.

ನನ್ನ ಮೇಲಧಿಕಾರಿ ಶೇಷಗಿರಿ ಸಾಹೇಬರು ನಗಲೂ ಇಲ್ಲ, ಬೈಯಲೂ ಇಲ್ಲ. ಒಂದು ಇದ್ದಿಲ ಚೂರನ್ನೂ ಒಂದು ಗ್ರಾಫೈಟ್ ಚೂರನ್ನೂ ನನ್ನ ಮುಂದಿಟ್ಟು, "ಕಾಗದದ ಮೇಲೆ ಉಜ್ಜಿ ನೋಡಿ" ಅಂದರು. ಇದ್ದಿಲಿನ ಗೆರೆ ಮಂಕಾಗಿತ್ತು. ಗ್ರಾಫೈಟಿನ ಗೆರೆ ಬೆಳಕಿಗೆ ಹಿಡಿದರೆ ಮಿಂಚಿತು. "ಮುಟ್ಟಿದರೆ ಜಿಡ್ಡು, ಗೀಚಿದರೆ ಹೊಳಪು. ಎರಡೂ ಇದ್ದರೆ ಮಾತ್ರ ನನ್ನ ಹತ್ತಿರ ಬನ್ನಿ" ಅಂದರು. ಅವರ ಪಾಠವೇ ಹಾಗೆ. ದನಿ ಏರಿಸುತ್ತಿದ್ದದ್ದು ಒಂದೇ ಕಾರಣಕ್ಕೆ, ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಯಲ್ಲಿ ಹಿಂದುಮುಂದಾಗಿ ಜೋಡಿಸಿದರೆ. "ಭೂಮಿ ಇಷ್ಟು ವರ್ಷ ಸಾಲಾಗಿ ಇಟ್ಟುಕೊಂಡಿದ್ದನ್ನ ನೀವು ಒಂದು ಗಳಿಗೆಯಲ್ಲಿ ಕಲಸಿಬಿಟ್ಟಿರಲ್ಲಾ!" ಎಂದು ಕೂಗಾಡುತ್ತಿದ್ದರು.

ಅವರ ಜೊತೆಯಲ್ಲೇ ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನ ಆ ಕಾಲೋನಿಗೆ ಹೋದದ್ದು. ಊರಿನ ಹೆಸರು ಬೇಡ. ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಊರು ಮುಳುಗಿದ ಮೇಲೆ ಅಲ್ಲಿನ ಜನರನ್ನು ತಂದು ಕೂರಿಸಿದ ಜಾಗ ಅದು. ಹಾಗಾಗಿ ಎಲ್ಲರ ಬಾಯಲ್ಲೂ ಅದು ಬರೀ "ಕಾಲೋನಿ". ಪಕ್ಕದಲ್ಲೊಂದು ಉದ್ದನೆಯ ದಿಣ್ಣೆ. ಆ ದಿಣ್ಣೆಯ ಬುಡದಲ್ಲಿ ಗ್ರಾಫೈಟಿನ ಪಟ್ಟಿ ಇತ್ತು. ಈ ಸಲ ಅದು ನಿಜವಾದ ಗ್ರಾಫೈಟೇ. ಅದು ದಿಣ್ಣೆಯಿಂದ ಇಳಿದು ಸಣ್ಣಮ್ಮ ಎಂಬುವರ ರಾಗಿ ಹೊಲದ ಕೆಳಗೆ ಹಾದು ಊರಿನ ಕಡೆಗೇ ಹೋಗುತ್ತಿತ್ತು.

ಸಣ್ಣಮ್ಮನಿಗೆ ಆಗ ನಲವತ್ತರ ಮೇಲಿರಬಹುದು. ಎತ್ತರದ ಹೆಂಗಸು, ಸೆರಗನ್ನು ಸೊಂಟಕ್ಕೆ ಬಿಗಿದು ಹೊಲದ ಬದುವಿನ ಮೇಲೆ ನಿಂತಿದ್ದರು. ನಾನು ಕೊರೆಯುವ ಮಿಷನ್ನಿನ ವಿಷಯ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಅಂದರು:

"ಅಲ್ಲ ಮೇಡಮ್ಮೋರೆ, ನೀರು ಬಂತು ಏಳಿ ಅಂದ್ರು, ಎದ್ದು ಬಂದೋ. ಈಗ ಕಲ್ಲು ಬಂತು ಏಳಿ ಅಂತೀರಾ? ಇನ್ನೆಲ್ಲಿಗೆ ಓಗಾದು?"

"ನಾನು ಏಳಿಸೋಕೆ ಬಂದಿಲ್ಲ ಸಣ್ಣಮ್ಮ. ಕೆಳಗೆ ಏನಿದೆ ಅಂತ ನೋಡೋಕೆ ಬಂದಿದ್ದೀನಿ, ಅಷ್ಟೆ."

"ನೋಡೋರು ಮೊದ್ಲು ಬತ್ತಾರೆ, ಏಳ್ಸೋರು ಆಮೇಲೆ ಬತ್ತಾರೆ ಕಣ್ರವ್ವ. ಆವಾಗ್ಲೂ ಸರಪಳಿ ಇಡ್ಕಂಡು ಅಳತೆ ಮಾಡಾಕೆ ಬಂದೋರು ಬೋ ಒಳ್ಳೇರು. ನಮ್ಮನೇಲೇ ಉಂಡ್ಕಂಡು ಓದ್ರು."

ಅವರು ತಲೆ ಎತ್ತಿ ಮೇಲೆ ನೋಡಿದರು. ಕಾಲೋನಿಯ ನೆತ್ತಿಯ ಮೇಲೇ ದೊಡ್ಡ ಕಂಬಗಳ ವಿದ್ಯುತ್ ತಂತಿ ಹಾದು ಹೋಗುತ್ತಿತ್ತು. ಕೆಳಗೆ ಒಂದು ಮನೆಗೂ ದೀಪವಿರಲಿಲ್ಲ, ಸೀಮೆಎಣ್ಣೆ ಬುಡ್ಡಿಯೇ ಗತಿ. "ನಮ್ಮೂರು ನೀರೊಳಕ್ಕೆ ಓಯ್ತು. ಕರೆಂಟು ತಲೆ ಮ್ಯಾಲೆ ಓಯ್ತದೆ. ನಮ್ ಪಾಲಿಗೆ ಯಾವ್ದೂ ನಿಲ್ಲಾಕಿಲ್ಲ" ಅಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

ರಾಗಿ ಕುಯ್ಲಾಗುವವರೆಗೆ ಕಾಯುತ್ತೇವೆ, ಹೊಲದೊಳಕ್ಕೆ ಬರದೆ ಮೇಲಿನ ಬದುವಿನಾಚೆ ಕೊರೆಯುತ್ತೇವೆ ಎಂದು ಶೇಷಗಿರಿ ಸಾಹೇಬರು ಒಪ್ಪಿಕೊಂಡರು. ಸಣ್ಣಮ್ಮನ ಗಂಡ ನಿಂಗಯ್ಯ ತಲೆಯಾಡಿಸಿದರು. ಸಣ್ಣಮ್ಮ ತಲೆಯಾಡಿಸಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಸಾಹೇಬರು ಕಚೇರಿಗೆ ಹಿಂದಿರುಗಿ ಕ್ಯಾಂಪನ್ನು ನನಗೆ ಬಿಟ್ಟರು. ಕುಯ್ಲು ಮುಗಿದ ಮೇಲೆ ಮಿಷನ್ನು ಬಂತು. ಅದನ್ನು ನಡೆಸುತ್ತಿದ್ದವರು ಪಿರಿಯಾಪಟ್ಟಣದ ಜವರಪ್ಪ. ವಜ್ರದ ಚೂರು ಕೂರಿಸಿದ ಬೈರಿಗೆ ಮೊನೆ ಕಲ್ಲು ಕೊರೆಯುವಾಗ ಬಿಸಿಯಾಗದಂತೆ ಮೇಲಿಂದ ನೀರು ಬಿಡುತ್ತಲೇ ಇರಬೇಕು. ಆ ನೀರು ಕೊರೆದ ಪುಡಿಯನ್ನು ಹೊತ್ತು ಮೇಲೆ ವಾಪಸ್ಸು ಬರಬೇಕು. ಒಂದು ಮಧ್ಯಾಹ್ನ ಜವರಪ್ಪ ನನ್ನನ್ನು ಕರೆದು, "ನೀರು ಕುಡೀತಾ ಅದೆ ಮೇಡಂ, ವಾಪಸ್ ಬತ್ತಾ ಇಲ್ಲ" ಅಂದರು. ಕೆಳಗೆ ಬಿರುಕಿರಬೇಕು, ತುಂಬಿಕೊಂಡರೆ ಸರಿಹೋಗುತ್ತದೆ ಎಂದು ನಾವಿಬ್ಬರೂ ಅಂದುಕೊಂಡೆವು. ಟ್ಯಾಂಕರ್ ತರಿಸಿ ಇನ್ನಷ್ಟು ನೀರು ಬಿಟ್ಟೆವು.

ಮಾರನೆಯ ಬೆಳಿಗ್ಗೆ ಸಣ್ಣಮ್ಮ ತುಂಬಿದ ಬಿಂದಿಗೆ ಹೊತ್ತುಕೊಂಡು ಮಿಷನ್ನಿನ ಹತ್ತಿರ ಬಂದರು. ಹಿಂದೆ ಕಾಲೋನಿಯ ಹೆಂಗಸರೆಲ್ಲ. ಬಿಂದಿಗೆ ಇಳಿಸಿ ನನ್ನ ಮುಂದೆ ಬಗ್ಗಿಸಿದರು. ನೀರು ಬೂದು ಬಣ್ಣಕ್ಕೆ ತಿರುಗಿತ್ತು, ಮೇಲೆ ತೆಳುವಾದ ಹೊಳಪಿನ ಪರೆ.

"ನಮ್ ಬಾವಿ ನೀರು. ಇದ ನಾನು ಐಕಳಿಗೆ ಕುಡ್ಸಲಾ, ಬ್ಯಾಡ್ವಾ? ನೀವು ಓದಿರೋರು, ನೀವೇ ಯೋಳಿ."

ಕಾಲೋನಿಗಿದ್ದದ್ದು ಅದೊಂದೇ ಬಾವಿ. ಇಲ್ಲಿಗೆ ಬಂದ ಹೊಸದರಲ್ಲಿ ನಿಂಗಯ್ಯ ಮತ್ತು ಅವರ ಅಣ್ಣತಮ್ಮಂದಿರು ಸೇರಿ ತೋಡಿದ್ದು. ನಾನು ಜವರಪ್ಪನ ಕಡೆ ತಿರುಗಿ ಮಿಷನ್ ನಿಲ್ಲಿಸಿ ಅಂದೆ.

"ಅರ್ಧದಲ್ಲಿ ನಿಲ್ಸಿದ್ರೆ ರಾಡು ಸಿಕ್ಕಾಕತವೆ ಮೇಡಂ. ಸಾಹೇಬ್ರು ನನ್ ಚರ್ಮ ಸುಲೀತಾರೆ."

"ನನ್ನ ಹೆಸರು ಹೇಳಿ. ನಿಲ್ಲಿಸಿ."

ನಿಲ್ಲಿಸಿದರು. ಮೊನೆಯನ್ನು ಹೊತ್ತ ಕಬ್ಬಿಣದ ರಾಡುಗಳು ತೂತಿನೊಳಗೇ ಸಿಕ್ಕಿಹಾಕಿಕೊಂಡವು. ಎಷ್ಟು ಹೆಣಗಿದರೂ ಮೇಲೆ ಬರಲಿಲ್ಲ. ಇಲಾಖೆಯ ದುಬಾರಿ ಸಾಮಾನು ನನ್ನ ಒಂದು ಮಾತಿಗೆ ಭೂಮಿಯೊಳಗೆ ಹೋಯಿತು. ಸರಗೂರಿಗೆ ಹೋಗಿ ಎಸ್‌ಟಿಡಿ ಬೂತಿನಿಂದ ಸಾಹೇಬರಿಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು "ಬರುತ್ತೇನೆ" ಎಂದಷ್ಟೇ ಹೇಳಿ ಇಟ್ಟರು.

ಬಂದವರು ಮಿಷನ್ನಿನ ಕಡೆ ನೋಡಲೇ ಇಲ್ಲ. ನೇರ ಬಾವಿಗೆ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರಿನ ಮಟ್ಟ ನೋಡಿದರು. ಹಗ್ಗ ಸುತ್ತಿಟ್ಟು ನನ್ನನ್ನು ಕೇಳಿದರು.

"ರಾಡು ಹೋಯಿತಾ?"

"ಹೋಯಿತು ಸರ್."

"ಹೋಗಲಿ. ಮಿಷನ್ ಓಡಿಸುತ್ತಲೇ ಇದ್ದು ಬಾವಿ ಹೋಗಿದ್ದರೆ ಏನು ಮಾಡುತ್ತಿದ್ದಿರಿ?"

ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಆಗ ಬಂತು. ಅವರು ಕಾಣದವರ ಹಾಗೆ ಎದ್ದು ಸಣ್ಣಮ್ಮನ ಮನೆಯ ಜಗುಲಿಗೆ ಹೋಗಿ ಕೂತರು. ನಾವು ಕೊರೆದ ತೂತಿಗೂ ಬಾವಿಗೂ ಒಳಗಿನ ಬಿರುಕು ದಾರಿ ಮಾಡಿದೆ, ನೀರಿನಲ್ಲಿರುವುದು ಕಲ್ಲಿನ ಪುಡಿ, ವಿಷವಲ್ಲ, ಆದರೂ ಯಾರೂ ಕುಡಿಯಬೇಡಿ, ಬಾವಿಯ ನೀರನ್ನೆಲ್ಲ ತೋಡಿ ಸ್ವಚ್ಛ ಮಾಡಿಕೊಡುವುದು ನಮ್ಮ ಕೆಲಸ ಎಂದು ಕೂತವರೆಲ್ಲರಿಗೂ ಬಿಡಿಸಿ ಹೇಳಿದರು. ಅಲ್ಲಿಯವರೆಗೆ ನಮ್ಮ ಟ್ಯಾಂಕರಿನ ನೀರು ಕಾಲೋನಿಗೆ. ಕ್ಯಾಂಪಿನವರೆಲ್ಲ ಸರದಿಯ ಮೇಲೆ ಹಗ್ಗ ಎಳೆದು ಬಾವಿ ಬರಿದು ಮಾಡಿದೆವು. ಸಾಹೇಬರೂ ಅಂಗಿ ತೋಳು ಮಡಚಿ ಎಳೆದರು. ಅವರ ಅಂಗೈ ಬೊಬ್ಬೆ ಬಂದದ್ದು ನೋಡಿ ಸಣ್ಣಮ್ಮ, "ಸಾಕು ಬುಡಿ ಸ್ವಾಮಿ, ನೀವು ಕೂತ್ಕಳಿ" ಎಂದು ಮಜ್ಜಿಗೆ ತಂದುಕೊಟ್ಟರು. ಹೊಸ ಊಟೆ ನೀರು ತಿಳಿಯಾಗಿ ಬಂದ ಮೇಲೆಯೇ ನಾವು ಅಲ್ಲಿಂದ ಕದಲಿದ್ದು.

ಆ ಕ್ಯಾಂಪಿನ ವರದಿ ಬರೆಯುವಾಗ ಅವರು ನನಗೆ ಹೇಳಿದ್ದು ಇಷ್ಟು: "ಅದಿರು ಎಷ್ಟಿದೆ ಅಂತ ಬರೆದಿದ್ದೀರಿ. ಅದನ್ನು ತೆಗೆದರೆ ಈ ಬಾವಿ ಬತ್ತುತ್ತದೆ ಅಂತಲೂ ಬರೆಯಿರಿ. ಇಲ್ಲದಿದ್ದರೆ ನಾನು ಸಹಿ ಮಾಡೋದಿಲ್ಲ." ಬರೆದೆ.

ಆಮೇಲೆ ನನಗೆ ಬೇರೆ ಕಡೆಯ ಕೆಲಸ. ಇಟ್ಟಿಗೆ ಮಣ್ಣು, ಕಟ್ಟಡದ ಕಲ್ಲು, ಊರೂರಿನ ಕೊಳವೆಬಾವಿ. ಮೊದಲೆಲ್ಲ ದಿಕ್ಸೂಚಿ, ಟೇಪು ಹಿಡಿದು ಹೆಜ್ಜೆ ಎಣಿಸಿಕೊಂಡು ನಕ್ಷೆ ಮಾಡುತ್ತಿದ್ದೆವು. ಹೊಸ ಶತಮಾನದ ಹೊತ್ತಿಗೆ ಕೈಗೆ ಜಿಪಿಎಸ್ ಬಂತು. ಅದನ್ನು ಮೊದಲು ನೋಡಿದ ದಿನ ಜವರಪ್ಪ, "ನಾವೆಲ್ಲಿದೀವಿ ಅಂತ ಆಕಾಶನ ಕೇಳ್ತೀರಾ ಮೇಡಂ? ಆ ಬೇವಿನ ಮರದ ಪಕ್ಕ ಇದೀವಿ, ಕಾಣಾಕಿಲ್ವಾ?" ಎಂದು ನಗಾಡಿದರು. ಆದರೆ ಹುಡುಗಿಯರೇ, ನಿಮಗೆ ಹೇಳುತ್ತೇನೆ, ಅದು ಬಂದ ಮೇಲೆ ಕೆಲಸ ಹಗುರವಾಯಿತು. ಹಳೆಯದೇ ಚೆನ್ನಾಗಿತ್ತು ಎಂದು ನಾನು ಅನ್ನುವುದಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಖಾಸಗಿ ಕಂಪನಿ ಆ ದಿಣ್ಣೆಯನ್ನು ಗುತ್ತಿಗೆಗೆ ಕೇಳಿತು. ಕಾಲೋನಿಯ ಶಾಲೆಯ ಮುಂದೆ ಶಾಮಿಯಾನ ಹಾಕಿ ಸಭೆ ಕರೆದರು. ತಹಸೀಲ್ದಾರರು, ಕಂಪನಿಯ ಮ್ಯಾನೇಜರು, ಹಳೆಯ ಕೆಲಸ ಗೊತ್ತಿದ್ದವಳೆಂದು ನಾನು. ಶೇಷಗಿರಿ ಸಾಹೇಬರು ಆಗಲೇ ನಿವೃತ್ತರಾಗಿದ್ದರು. ಅವರ ಜಾಗಕ್ಕೆ ಬಂದ ಅಧಿಕಾರಿ ಕಾರಿನಲ್ಲೇ ನನಗೆ ಹೇಳಿದ್ದರು, "ಬಾವಿ ಗೀವಿ ವಿಷಯ ನೀವಾಗಿ ಎತ್ತಬೇಡಿ."

ನಾನು ಎತ್ತಲಿಲ್ಲ. ಸಣ್ಣಮ್ಮನೇ ಎತ್ತಿದರು. ತಲೆ ಅರ್ಧ ನೆರೆತಿತ್ತು, ನಿಂತ ನಿಲುವು ಹಾಗೇ ಇತ್ತು. "ಕಲ್ಲು ಮೇಡಮ್ಮೋರೆ, ಗುಂಡಿ ತೋಡುದ್ರೆ ನಮ್ ಬಾವಿ ಉಳೀತದಾ?" ಎಂದು ಎಲ್ಲರ ಮುಂದೆ ಕೇಳಿದರು. ಅಧಿಕಾರಿ ನನ್ನ ಕಡೆಗೇ ನೋಡುತ್ತಿದ್ದರು.

"ಇಲ್ಲ, ಉಳಿಯೋದಿಲ್ಲ" ಅಂದೆ.

ಶಾಮಿಯಾನದ ಕೆಳಗೆ ಗದ್ದಲವೆದ್ದಿತು. ಮ್ಯಾನೇಜರು ಕೈ ಎತ್ತಿ, ಗಣಿ ಶುರುವಾಗಿ ಆದಾಯ ಬಂದ ಮೇಲೆ ನೀರು, ಕರೆಂಟು, ರಸ್ತೆ ಎಲ್ಲ ಮಾಡಿಕೊಡುತ್ತೇವೆ ಎಂದರು. ಒಳ್ಳೆಯ ಮನುಷ್ಯನೇ, ಮನಸ್ಸಿನಲ್ಲಿ ಮೋಸವಿರಲಿಲ್ಲ. ಸಣ್ಣಮ್ಮ ಗದ್ದಲ ತಗ್ಗುವವರೆಗೆ ನಿಂತೇ ಇದ್ದರು.

"ಕಲ್ಲು ತಗೀಬ್ಯಾಡಿ ಅನ್ನಾಕಿಲ್ಲ ಸ್ವಾಮಿ. ನಮ್ ಐಕಳಿಗೂ ಕೆಲ್ಸ ಬೇಕು. ಮನೆ ಮಾತ್ರ ಒಂದೂ ಏಳಂಗಿಲ್ಲ. ಮೊದ್ಲು ನೀರು ಬರ್ಲಿ, ಕರೆಂಟು ಬರ್ಲಿ. ಆಮೇಲೆ ಗುದ್ದಲಿ ಆಕಿ."

"ಅಮ್ಮಾ, ಗಣಿಯೇ ಇಲ್ಲದೆ ಅದಕ್ಕೆಲ್ಲ..."

"ಆಮೇಲೆ ಅನ್ನೋ ಮಾತ ನಾವು ಓದ್ ಸಲನೇ ಕೇಳ್ಕಂಡು ಬಂದಿದೀವಿ."

ಅಷ್ಟೇ ಹೇಳಿ ಕೂತರು. ಕೂತವರೆಲ್ಲ ಒಬ್ಬೊಬ್ಬರಾಗಿ "ಅಂಗೇ ಆಗ್ಲಿ" ಅಂದರು. ತಹಸೀಲ್ದಾರರು ವಯಸ್ಸಿನಲ್ಲಿ ಚಿಕ್ಕವರು. ಸ್ವಲ್ಪ ಯೋಚಿಸಿ, ಇದನ್ನು ಷರತ್ತಾಗಿ ಹಾಕೋಣ, ನೀರು ಕರೆಂಟು ಎರಡೂ ಪಂಚಾಯ್ತಿಯ ಹೆಸರಿನಲ್ಲೇ ಇರಲಿ ಅಂದರು. ಆಗ ಗ್ರಾಫೈಟಿಗೆ ಒಳ್ಳೆಯ ಬೆಲೆ ಇತ್ತು. ಕಂಪನಿ ಒಪ್ಪಿಕೊಂಡಿತು. ವಾಪಸ್ಸು ಬರುವಾಗ ನಮ್ಮ ಅಧಿಕಾರಿ ಹುಣಸೂರಿನವರೆಗೂ ನನ್ನ ಜೊತೆ ಮಾತಾಡಲಿಲ್ಲ.

ಕೊಳವೆಬಾವಿಗೆ ಜಾಗ ಗುರುತಿಸುವ ಕೆಲಸ ನನ್ನ ಮೇಲೇ ಬಿತ್ತು. ಗಣಿ ಎಷ್ಟು ಆಳಕ್ಕೆ ಹೋದರೂ ಬತ್ತದ ನೀರು ಬೇಕು. ದಿಣ್ಣೆಯ ಆಚೆ ಬದಿ, ಬೇರೆಯ ಕಲ್ಲಿನಲ್ಲಿ ಜಾಗ ತೋರಿಸಿದೆ. ಕೊರೆದರೆ ಬರೀ ಧೂಳು. ಹೆಂಗಸರು ಖಾಲಿ ಬಿಂದಿಗೆ ಹೊತ್ತು ಮನೆಗೆ ಹೋದರು. ಶೇಷಗಿರಿ ಸಾಹೇಬರನ್ನು ಹುಡುಕಿಕೊಂಡು ಅವರ ಮನೆಗೆ ಹೋದೆ. ನಕ್ಷೆ ಹಾಸಿಕೊಂಡು ನೆಲದ ಮೇಲೇ ಕೂತರು. "ನೀವು ಕಲ್ಲು ಸರಿಯಾಗಿ ಆರಿಸಿದ್ದೀರಿ. ಎತ್ತರದಲ್ಲಿ ಕೊರೆದುಬಿಟ್ಟಿದ್ದೀರಿ. ಹಳ್ಳದ ತಿರುವಿಗೆ ಇಳಿಯಿರಿ" ಎಂದು ಬೆರಳಿಟ್ಟು ತೋರಿಸಿದರು. ಅಲ್ಲಿ ನೀರು ಚಿಮ್ಮಿತು. ನಾನು ಕೆಸರಿನಲ್ಲೇ ನಿಂತು ನೆನೆದೆ. ಸಣ್ಣಮ್ಮ ಬೊಗಸೆಯಲ್ಲಿ ಹಿಡಿದು ಕುಡಿದು, ನನಗೂ ಕುಡಿಸಿದರು.

ಆಮೇಲೆ ಕರೆಂಟು ಬಂತು. ದೀಪ ಹತ್ತಿದ ಸಂಜೆ ನಾನೂ ಅವರ ಮನೆಯಲ್ಲಿದ್ದೆ. ನಿಂಗಯ್ಯ ಬಲ್ಬು ನೋಡಲಿಲ್ಲ, ಸುತ್ತ ಗೋಡೆ ನೋಡಿದರು. "ಅಯ್ಯೋ, ನಮ್ಮನೆ ಗ್ವಾಡೆ ಇಷ್ಟೊಂದು ಮಸಿ ಇಡ್ದಿತ್ತಾ?" ಅಂದರು. ಮಾರನೆಯ ದಿನವೇ ಸಣ್ಣಮ್ಮ ಸುಣ್ಣ ತಂದು ಬಳಿದರು.

ಗಣಿ ಶುರುವಾಯಿತು. ಕಾಲೋನಿಯ ಗಂಡಸರು ಗುಂಡಿಯಲ್ಲಿ, ಹೆಂಗಸರು ಮೇಲೆ ಅದಿರು ಆರಿಸುವಲ್ಲಿ. ಸಣ್ಣಮ್ಮನ ಸೊಸೆ ಜಯಮ್ಮನೂ ಅಲ್ಲಿದ್ದಳು. ಸಂಜೆ ಎಷ್ಟು ತೊಳೆದರೂ ಅವಳ ಕೈಯ ಹೊಳಪು ಹೋಗುತ್ತಿರಲಿಲ್ಲ. ಒಮ್ಮೆ ತಪಾಸಣೆಗೆ ಹೋದಾಗ ಕಲ್ಲನ್ನು ನೀರಿಲ್ಲದೆ ಒಣದಾಗಿಯೇ ಕೊರೆಯುತ್ತಿದ್ದರು. ಗುಂಡಿಯೊಳಗೆ ಎದುರಿಗಿದ್ದವರ ಮುಖ ಕಾಣದಷ್ಟು ಧೂಳು. ಗುಂಡಿಯಲ್ಲೇ ಒಸರುವ ನೀರನ್ನು ಬಳಸಿ ಒದ್ದೆಯಾಗಿ ಕೊರೆಯಿರಿ, ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಎಂದೆ. ಮ್ಯಾನೇಜರು ಗೊಣಗಿದರು, ಆದರೆ ಮಾಡಿದರು. ನೀವೂ ಗಣಿಗೆ ಹೋದಾಗ ಅದಿರಿನ ಗುಣ ನೋಡುವುದಕ್ಕೆ ಮೊದಲು ಕೆಲಸಗಾರರ ಕೆಮ್ಮು ಕೇಳಿಸಿಕೊಳ್ಳಿ.

ಗುಂಡಿ ಆಳವಾದ ಹಾಗೆ ಬಾವಿಯ ನೀರು ಇಳಿಯಿತು. ಕೊನೆಗೆ ಒಂದು ಬೇಸಿಗೆಯಲ್ಲಿ ಬತ್ತಿಯೇ ಹೋಯಿತು. ನಾನು ಹೋದಾಗ ಸಣ್ಣಮ್ಮ ಬಾವಿಕಟ್ಟೆಯ ಮೇಲೆ ಕೂತಿದ್ದರು. ನಾಲ್ಕು ಮಾರು ಆಚೆ ನಲ್ಲಿಯಲ್ಲಿ ನೀರು ಸುರಿಯುತ್ತಿತ್ತು.

"ಬತ್ತೋಯ್ತದೆ ಅಂತ ಗೊತ್ತಿತ್ತು ಕಣವ್ವ, ನೀನೇ ಯೋಳಿದ್ದೆ" ಅಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಆದ್ರೂ ನಮ್ಮೋರು ತೋಡಿದ್ದಲ್ವಾ. ನಾನು ಮಣ್ಣು ಒತ್ತು ಆಕಿದ್ದೆ. ದೊಡ್ಡ ಮಗ ಆಗ ಒಟ್ಟೇಲಿದ್ದ." ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲಿ ಕೂತೆ. ಗಣಿಯಿಂದ ಏನೇನು ಬಂತು ಎಂದು ಲೆಕ್ಕ ಹೇಳುವವರು ಆ ಕಟ್ಟೆಯ ಮೇಲೂ ಒಂದು ಗಳಿಗೆ ಕೂತು ಬರಬೇಕು.

ಗಣಿ ಹೆಚ್ಚು ಕಾಲ ನಡೆಯಲಿಲ್ಲ. ಹೊರದೇಶದ ಗ್ರಾಫೈಟು ಅಗ್ಗಕ್ಕೆ ಬರತೊಡಗಿತು, ಇಲ್ಲಿನದನ್ನು ಕೇಳುವವರಿಲ್ಲವಾದರು. ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಕಂಪನಿ ಗಂಟುಮೂಟೆ ಕಟ್ಟಿತು. ಜಯಮ್ಮ ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋದಳು, ಅವಳ ಗಂಡ ಹುಣಸೂರಿನಲ್ಲಿ ಹೊಗೆಸೊಪ್ಪಿನ ಮೂಟೆ ಹೊರುವ ಕೆಲಸ ಹಿಡಿದ. ಗುಂಡಿಯ ಸುತ್ತ ಬೇಲಿ ಹಾಕಿಸುವುದಕ್ಕೇ ನಾನು ಮೂರು ಸಲ ಓಡಾಡಬೇಕಾಯಿತು. ಇದನ್ನೆಲ್ಲ ಮುಚ್ಚಿಟ್ಟು ನಿಮಗೆ ಬರೀ ಚೆಂದದ ಕಥೆ ಹೇಳಲಾರೆ.

ಕಂಪನಿಯ ಲಾರಿಗಳು ಸಾಮಾನು ಒಯ್ಯಲು ಬಂದ ದಿನ ನಾನು ಬೇಲಿಯ ಕೆಲಸ ನೋಡಲು ಅಲ್ಲಿಗೆ ಹೋಗಿದ್ದೆ. ಶೆಡ್ಡಿನ ತಗಡು ಬಿಚ್ಚಿದರು, ಜನರೇಟರ್ ಏರಿಸಿದರು, ಕಲ್ಲು ಒಡೆಯುವ ಮಿಷನ್ ಏರಿಸಿದರು. ಆಮೇಲೆ ಇಬ್ಬರು ಸ್ಪ್ಯಾನರ್ ಹಿಡಿದು ಕೊಳವೆಬಾವಿಯ ಪಂಪ್‌ಹೌಸಿನ ಕಡೆ ನಡೆದರು. ಅಷ್ಟರಲ್ಲಿ ಸಣ್ಣಮ್ಮ ಅದರ ಬಾಗಿಲಲ್ಲಿ ನಿಂತಿದ್ದರು. ಸೊಂಟದ ಮೇಲೆ ಮೊಮ್ಮಗಳು.

"ಇದು ನಿಮ್ದಲ್ಲ ಕಣಪ್ಪ. ಪಂಚಾಯ್ತಿದು. ಬೇಕಾದ್ರೆ ನಿಮ್ ಮ್ಯಾನೇಜರ್ನ ಕೇಳಿ."

ಅವರು ಮ್ಯಾನೇಜರ ಕಡೆ ನೋಡಿದರು. ಮ್ಯಾನೇಜರು ದೂರದಿಂದಲೇ ಬೇಡ ಎಂದು ಕೈಯಾಡಿಸಿದರು. ಸ್ಪ್ಯಾನರ್ ವಾಪಸ್ಸು ಲಾರಿಗೆ ಹೋಯಿತು. ಧೂಳೆಬ್ಬಿಸಿಕೊಂಡು ಲಾರಿಗಳು ದಿಣ್ಣೆ ಇಳಿದು ಮರೆಯಾದವು. ಪಂಪು ಓಡುತ್ತಲೇ ಇತ್ತು.

"ಇನ್ನೇನು ಸಣ್ಣಮ್ಮ, ಎಲ್ಲ ಹೋದರಲ್ಲ" ಅಂದೆ.

ಅವರು ಮೊಮ್ಮಗಳನ್ನು ಸೊಂಟದ ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡರು.

"ಕಲ್ಲು ಇನ್ನೂ ಕೆಳಗೆ ಅದೆಯಲ್ಲ ಕಣವ್ವ, ನಾಳೆ ಇನ್ಯಾರೋ ಬತ್ತಾರೆ. ಬರ್ಲಿ ಬುಡು. ಕೂರುಸ್ಕಂಡು ಮಾತಾಡ್ತೀವಿ."